ಸ್ಪೇನ್ ಹೈವೇಯಲ್ಲಿ ಯಾರಾದರೂ ನಿಮ್ಮ ಹಿಂದಿನ ಚಕ್ರ ತೋರಿಸಿದರೆ ನಿಲ್ಲಿಸಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಫ್ರಾನ್ಸ್ ಗಡಿ ದಾಟಿ ಬಾರ್ಸಿಲೋನಾ ಕಡೆ ಹೋಗುವ ಎಪಿ-7 ಹೈವೇಯಲ್ಲಿ, ಬೇರೆ ದೇಶದ ನಂಬರ್ ಪ್ಲೇಟ್ ಇರುವ ಗಾಡಿಯಲ್ಲಿ ನೀವು ಹೋಗುತ್ತಿರುವಾಗ ಪಕ್ಕಕ್ಕೊಂದು ಕಾರು ಬಂದು ಹಾರ್ನ್ ಹೊಡೆದು, ನಿಮ್ಮ ಹಿಂದಿನ ಚಕ್ರದ ಕಡೆ ಕೈ ತೋರಿಸಿ, ನಿಲ್ಲಿಸಿ ನಿಲ್ಲಿಸಿ ಅಂತ ಸನ್ನೆ ಮಾಡಿದರೆ ನಿಲ್ಲಿಸಬೇಡಿ. ನಿಧಾನವಾಗಿ ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗಿ, ಜನ ಇರುವ ಕಡೆ ನಿಲ್ಲಿಸಿ ನೋಡಿ. ನಾವು ಹಾಗೆ ಮಾಡಲಿಲ್ಲ. ಐದು ನಿಮಿಷದೊಳಗೆ ಅಪ್ಪ ಅಮ್ಮನ ಪಾಸ್‌ಪೋರ್ಟ್, ಅಮ್ಮನ ಎರಡು ಬಳೆ, 900 ಯೂರೋ ಮತ್ತು ಅಪ್ಪನ ಎರಡು ತಿಂಗಳ ಬಿಪಿ ಮಾತ್ರೆ ಎಲ್ಲಾ ಹೋಯಿತು.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಹೋದ ವರ್ಷ, ಅಂದರೆ 2025ರಲ್ಲಿ, ಹರಿಹರದಿಂದ ಅಪ್ಪ ಅಮ್ಮ ಬಂದಿದ್ದರು. ಮಗಳಿಗೆ ಮೇ ರಜೆ. ಹೋಟೆಲ್ ಊಟ ಅಪ್ಪನಿಗೆ ಆಗಿಬರುವುದಿಲ್ಲ, ಅಮ್ಮನಿಗೆ ಗಂಟೆಗೊಮ್ಮೆ ಬಾತ್‌ರೂಮ್ ಬೇಕು. ಹಾಗಾಗಿ ಒಂದು ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ, ಹಾಸಿಗೆ, ಬಾತ್‌ರೂಮ್ ಇರುವ ಗಾಡಿ, ಬಾಡಿಗೆಗೆ ತೆಗೆದುಕೊಂಡು ಸ್ಪೇನ್ ಕರಾವಳಿ ಸುತ್ತೋಣ ಅಂದುಕೊಂಡೆವು. ಕೋಸ್ತಾ ಬ್ರಾವಾ, ಎಬ್ರೊ ನದಿಯ ಮುಖಜಭೂಮಿ, ಪೆನ್ಯಿಸ್ಕೊಲಾ ಕೋಟೆ, ವೆಲೆನ್ಸಿಯಾ, ಕೊನೆಗೆ ಕಾಲ್ಪೆಯ ಆ ದೊಡ್ಡ ಬಂಡೆ. ಹದಿಮೂರು ದಿನದ ಪ್ಲಾನ್. ಐಡಿಯಾ ಏನೂ ತಪ್ಪಲ್ಲ, ಈಗಲೂ ಹಾಗೇ ಅನಿಸುತ್ತದೆ. ಗಾಡಿಯೊಳಗೆ ಅಮ್ಮ ಅವಲಕ್ಕಿ ಒಗ್ಗರಣೆ ಹಾಕುತ್ತಾ ಫ್ರಾನ್ಸ್ ದಾಟಿದ ಎರಡು ದಿನ ನನ್ನ ಜೀವನದ ಒಳ್ಳೆಯ ದಿನಗಳಲ್ಲಿ ಸೇರುತ್ತವೆ.

ಸುಮಾರು 1300 ಕಿಲೋಮೀಟರ್ ಓಡಿಸಿ ಲಾ ಹುಂಕೇರಾ ಅನ್ನುವ ಗಡಿ ಊರಿನ ಹತ್ತಿರ ಒಂದು ಸರ್ವೀಸ್ ಏರಿಯಾದಲ್ಲಿ ನಿಲ್ಲಿಸಿದೆವು. ಡೀಸೆಲ್, ಕಾಫಿ, ಕಾಲು ಸಡಿಲ ಮಾಡಿಕೊಳ್ಳುವುದು, ಅಷ್ಟೇ. ಅಪ್ಪ ತಮ್ಮ ಕೈಚೀಲದಿಂದ ದುಡ್ಡು ತೆಗೆದು ಮೊಮ್ಮಗಳಿಗೆ ಐಸ್‌ಕ್ರೀಮ್ ಕೊಡಿಸಿದರು, ಚೀಲವನ್ನು ವಾಪಸ್ ಮುಂದಿನ ಎರಡು ಸೀಟಿನ ಮಧ್ಯೆ ಇಟ್ಟರು. ನಮ್ಮನ್ನು ಅಲ್ಲೇ ಗುರುತು ಮಾಡಿಕೊಂಡರು ಅನ್ನುವುದು ನನ್ನ ಅನುಮಾನ. ಡಚ್ ನಂಬರ್ ಪ್ಲೇಟ್ ಹಳದಿ, ಅರ್ಧ ಕಿಲೋಮೀಟರ್ ದೂರದಿಂದ ಕಾಣುತ್ತದೆ. ಏಳು ಮೀಟರ್ ಉದ್ದದ ಬಿಳಿ ಡಬ್ಬ, ಒಳಗೆ ಸೀರೆ ಉಟ್ಟ ಅಜ್ಜಿ, ಮಗು. ಇದಕ್ಕಿಂತ ಸುಲಭದ ಮಿಕ ಬೇಕಾ?

ಫಿಗೇರೆಸ್ ದಾಟಿ ಸ್ವಲ್ಪ ದೂರಕ್ಕೆ ಬೂದು ಬಣ್ಣದ ಕಾರೊಂದು ಪಕ್ಕಕ್ಕೆ ಬಂತು. ಒಳಗೆ ಇಬ್ಬರು. ಪಕ್ಕದ ಸೀಟಿನವನು ಕಿಟಕಿ ಇಳಿಸಿ, ಗಾಬರಿಯ ಮುಖ ಮಾಡಿಕೊಂಡು ನಮ್ಮ ಹಿಂದಿನ ಚಕ್ರ ತೋರಿಸಿದ, ಆಮೇಲೆ ಬೆರಳು ಮೇಲಕ್ಕೆ ಆಡಿಸಿ ಹೊಗೆ ಅನ್ನುವಂತೆ ಸನ್ನೆ ಮಾಡಿದ. ನೋಡಿ, ಇಲ್ಲೇ ನಾನು ಬಿದ್ದಿದ್ದು. ನಮ್ಮ ಊರಲ್ಲಿ ಬೈಕ್ ಓಡಿಸಿದ ಯಾರಿಗೇ ಆದರೂ ಇದು ಗೊತ್ತು. ಗೊತ್ತುಗುರಿಯಿಲ್ಲದ ಯಾರೋ ಪಕ್ಕಕ್ಕೆ ಬಂದು 'ಸ್ಟ್ಯಾಂಡ್ ಸ್ಟ್ಯಾಂಡ್' ಅಂತ ಕೂಗಿ ಹೋಗುತ್ತಾರೆ. 'ಮೇಡಂ, ಸೆರಗು ಚಕ್ರಕ್ಕೆ ಸಿಗುತ್ತೆ' ಅನ್ನುತ್ತಾರೆ. ನಾವು ಕೈ ಎತ್ತಿ ಥ್ಯಾಂಕ್ಸ್ ಹೇಳುತ್ತೇವೆ. ಇಪ್ಪತ್ತು ವರ್ಷದ ಆ ಅಭ್ಯಾಸ ಯೋಚನೆ ಮಾಡಲು ಬಿಡಲಿಲ್ಲ. ಅದರ ಮೇಲೆ ಒಳಗೆ ಗ್ಯಾಸ್ ಸಿಲಿಂಡರ್ ಬೇರೆ ಇದೆ, ಹೊಗೆ ಅಂದರೆ ಎದೆ ಧಸಕ್ ಅನ್ನದೆ ಇರುತ್ತದಾ?

ರಸ್ತೆಯ ಬಲ ಅಂಚಿಗೆ ನಿಲ್ಲಿಸಿದೆ. ಆ ಕಾರು ನಮ್ಮ ಮುಂದೆಯೇ ನಿಂತಿತು. ಹೊಳೆಯುವ ಹಳದಿ ಜಾಕೆಟ್ ಹಾಕಿಕೊಂಡವನೊಬ್ಬ ಇಳಿದು ಬಂದ. ತುಂಬಾ ಒಳ್ಳೆಯ ಮನುಷ್ಯನ ಹಾಗೆ, ಅಮ್ಮನ ಕೈ ಹಿಡಿದು ಮೆಟ್ಟಿಲು ಇಳಿಸಿದ, ಮಗಳನ್ನು ರಸ್ತೆಯಿಂದ ದೂರ ನಿಲ್ಲಿಸಿದ. ಎಲ್ಲರನ್ನೂ ಹಿಂದಿನ ಬಲ ಚಕ್ರದ ಹತ್ತಿರ ಕರೆದುಕೊಂಡು ಹೋದ. ಬಗ್ಗಿ ಬಗ್ಗಿ ತೋರಿಸಿದ. ಚಕ್ರದ ಒಳಗಡೆ ಎಣ್ಣೆಯಂಥದ್ದು ಹನಿದಿತ್ತು, ಅದನ್ನು ಅವನೇ ಚಿಮುಕಿಸಿರಬೇಕು. ನಾನೂ ಬಗ್ಗಿದೆ, ನನ್ನ ಹೆಂಡತಿ ಮೊಬೈಲ್ ಟಾರ್ಚ್ ಹಿಡಿದಳು.

ಈ ಗಾಡಿಗಳಲ್ಲಿ ಮನೆ ಭಾಗದ ಬಾಗಿಲು ಬಲಕ್ಕೆ ಇರುತ್ತದೆ, ಡ್ರೈವರ್ ಬಾಗಿಲು ಎಡಕ್ಕೆ, ಅಂದರೆ ಲಾರಿಗಳು ಹೋಗುವ ಕಡೆ. ನಾವೆಲ್ಲ ಬಲ ಹಿಂಬದಿಯಲ್ಲಿ. ಎರಡನೆಯವನು ಎಡಗಡೆಯಿಂದ ಡ್ರೈವರ್ ಬಾಗಿಲು ತೆಗೆದಿದ್ದಾನೆ. ನಾನು ಇಳಿಯುವಾಗ ಬೀಗ ಹಾಕಿರಲಿಲ್ಲ. ಆ ಹೈವೇಯಲ್ಲಿ 2021ರ ಸೆಪ್ಟೆಂಬರ್ 1ರಿಂದ ಟೋಲ್ ತೆಗೆದುಬಿಟ್ಟಿದ್ದಾರೆ, ಅಂದಿನಿಂದ ಲಾರಿಗಳು ಜಾಸ್ತಿ, ಒಂದೊಂದು ಹೋದಾಗಲೂ ನಮ್ಮ ಗಾಡಿ ತೊಟ್ಟಿಲಿನ ಹಾಗೆ ಅಲ್ಲಾಡುತ್ತಿತ್ತು. ಬಾಗಿಲ ಸದ್ದು ಯಾರಿಗೆ ಕೇಳಬೇಕು! ಜಾಕೆಟ್‌ನವನು ಎದ್ದು, ನನ್ನ ಭುಜ ತಟ್ಟಿ, 'ಓಕೆ ಓಕೆ, ಸ್ಲೋ ಸ್ಲೋ' ಅಂದು ಹೊರಟ. ನಾನು ಅವನಿಗೆ ಇಪ್ಪತ್ತು ಯೂರೋ ಕೊಡಲು ಹೋದೆ. ಬೇಡ ಅಂದ!

ಚೀಲ ಇಲ್ಲ ಅಂತ ಗೊತ್ತಾಗಿದ್ದು ಜಿರೋನಾ ಹತ್ತಿರ, ಅಪ್ಪ ಮಾತ್ರೆ ಕೇಳಿದಾಗ.

ಬಳೆ ವಿಷಯ ಹೇಳಲೇಬೇಕು. ಅಮ್ಮ ಬಳೆಗಳನ್ನು ಕೈಯಲ್ಲೇ ಹಾಕಿಕೊಂಡಿದ್ದರು. ಬಾರ್ಸಿಲೋನಾದಲ್ಲಿ ಜೇಬುಗಳ್ಳರು ಜಾಸ್ತಿ ಅಂತ ಎಲ್ಲ ಕಡೆ ಓದಿದ್ದ ನಾನೇ, ಹಿಂದಿನ ರಾತ್ರಿ, 'ಅಮ್ಮ, ತೆಗೆದು ಚೀಲದಲ್ಲಿ ಇಡಿ, ಅದೇ ಸೇಫ್' ಅಂದಿದ್ದೆ. ಅಮ್ಮ ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಪೊಲೀಸ್ ಸ್ಟೇಷನ್‌ನಲ್ಲಿ ಗೊತ್ತಾಯಿತು, ಇದು ಹೊಸದೇನೂ ಅಲ್ಲ. ಈ ಗಡಿ ಹೈವೇಯ ಕಳ್ಳರಿಗೆ ಅಲ್ಲಿ ಹೆಸರೇ ಇದೆ, 'ರಸ್ತೆಯ ಕಡಲ್ಗಳ್ಳರು' ಅಂತ. ಬ್ರಿಟನ್ ಸರ್ಕಾರವೂ ತನ್ನ ಪ್ರವಾಸಿಗರಿಗೆ ಈ ಬಗ್ಗೆ ಎಚ್ಚರಿಕೆ ಕೊಡುತ್ತದೆ. ನಮ್ಮ ಪಕ್ಕದ ಕುರ್ಚಿಯಲ್ಲಿ ವಯಸ್ಸಾದ ಬೆಲ್ಜಿಯಂ ದಂಪತಿ ಕೂತಿದ್ದರು. ಅವರ ಕಥೆ ಸ್ವಲ್ಪ ಬೇರೆ. ಸರ್ವೀಸ್ ಏರಿಯಾದಲ್ಲಿ ಕಾಫಿ ಕುಡಿಯುವಾಗ ಟೈರಿಗೆ ಚಾಕುವಿನಿಂದ ಚಿಕ್ಕ ಗಾಯ ಮಾಡಿದ್ದಾರೆ, ಹತ್ತು ಹದಿನೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಳಿ ಹೋಗಿದೆ, ಆಗ ಸಹಾಯಕ್ಕೆ ಹಿಂದೆಯೇ ಕಾರು ಹಾಜರು. ಆದ್ದರಿಂದ ಟೈರ್ ನಿಜವಾಗಿ ಪಂಕ್ಚರ್ ಆಗಿದ್ದರೂ ಬಂದವನು ಒಳ್ಳೆಯವನು ಅಂತ ಅಂದುಕೊಳ್ಳಬೇಡಿ. ಅಪ್ಪ ಅಲ್ಲೇ ಕೂತು ಕಹಿಯಾಗಿ ನಕ್ಕರು: 'ಬ್ಯಾಂಕ್ ಮುಂದೆ ಹತ್ತು ರೂಪಾಯಿ ನೋಟು ಚೆಲ್ಲಿ, ನಿಮ್ಮ ದುಡ್ಡು ಬಿದ್ದಿದೆ ಸಾರ್ ಅಂತಾರಲ್ಲ, ಅದೇ ಇದು. ಪೇಪರ್‌ನಲ್ಲಿ ದಿನಾ ಓದ್ತೀನಿ. ನಂಗೇ ಹಿಂಗಾಯ್ತು ನೋಡು.'

ಈಗ ಯಾರೂ ಹೇಳದ ವಿಷಯಕ್ಕೆ ಬರುತ್ತೇನೆ. ಸ್ಪೇನ್ ಕಾನೂನಿನಲ್ಲಿ ಕಳ್ಳತನ ಎರಡು ತರ. ಬೀಗ ಒಡೆದು ಅಥವಾ ಹೆದರಿಸಿ ಹೊಡೆದು ಕದ್ದರೆ ಅದು 'ರೊಬೊ'. ಸುಮ್ನೆ ತೆಗೆದುಕೊಂಡು ಹೋದರೆ 'ಉರ್ತೊ'. ನಮ್ಮ ದೂರಿನಲ್ಲಿ ಬರೆದಿದ್ದು 'ಉರ್ತೊ', ಯಾಕೆಂದರೆ ಬಾಗಿಲಿಗೆ ಬೀಗವೇ ಇರಲಿಲ್ಲ. ಪೊಲೀಸರು ಸರಿಯಾಗಿಯೇ ಬರೆದರು. ಆದರೆ ನಮ್ಮ ಪ್ರವಾಸ ವಿಮೆಯವರು ಆ ಒಂದು ಪದ ಹಿಡಿದುಕೊಂಡು, ಒಡೆದ ಗುರುತಿಲ್ಲ, ಚೀಲವನ್ನು ನೋಡಿಕೊಳ್ಳದೆ ಬಿಟ್ಟು ಹೋಗಿದ್ದೀರಿ ಅಂತ ಒಂದು ಯೂರೋ ಕೂಡ ಕೊಡಲಿಲ್ಲ. ಪಾಲಿಸಿ ತೆಗೆದುಕೊಳ್ಳುವ ಮುಂಚೆ ಆ ಸಾಲು ಓದಿ. ಹಾಗಂತ ದೂರು ಕೊಡದೆ ಇರಬೇಡಿ, ಆ ಕಾಗದ ಇಲ್ಲದೆ ಪಾಸ್‌ಪೋರ್ಟ್ ಕೆಲಸ ಮುಂದೆ ಹೋಗುವುದಿಲ್ಲ.

ಪಾಸ್‌ಪೋರ್ಟ್ ಕಥೆ ಕೇಳಿ. ನಮ್ಮ ಅದೃಷ್ಟಕ್ಕೆ 2024ರಲ್ಲಿ ಬಾರ್ಸಿಲೋನಾದಲ್ಲಿ ಭಾರತದ ಕಾನ್ಸುಲೇಟ್ ಶುರುವಾಗಿದೆ. ಅದಿಲ್ಲದಿದ್ದರೆ ಆ ವಯಸ್ಸಾದವರನ್ನು ಕಟ್ಟಿಕೊಂಡು ಮ್ಯಾಡ್ರಿಡ್‌ನ ರಾಯಭಾರ ಕಚೇರಿಗೆ ಹೋಗಬೇಕಿತ್ತು. ಅಪ್ಪ ಅಮ್ಮನ ಪಾಸ್‌ಪೋರ್ಟ್ ಪುಟಗಳ ಮತ್ತು ವೀಸಾದ ಫೋಟೋ ನನ್ನ ಮೊಬೈಲ್‌ನಲ್ಲಿ ಇತ್ತು, ಅದೊಂದು ಒಳ್ಳೆಯ ಕೆಲಸ ಮಾಡಿದ್ದೆ. ಎಮರ್ಜೆನ್ಸಿ ಸರ್ಟಿಫಿಕೇಟ್ ತೆಗೆದುಕೊಂಡೆವು. ಆದರೆ ಅದು ಪಾಸ್‌ಪೋರ್ಟ್ ಅಲ್ಲ, ಒಂದೇ ಸಲ, ಭಾರತಕ್ಕೆ ವಾಪಸ್ ಹೋಗಲು ಮಾತ್ರ. ಅದನ್ನು ಹಿಡಿದುಕೊಂಡು ಪ್ರವಾಸ ಮುಂದುವರಿಸುವ ಹಾಗಿಲ್ಲ. ಅಪ್ಪ ಅಮ್ಮ ಇನ್ನೂ ಐದು ವಾರ ನಮ್ಮ ಜೊತೆ ಇರಬೇಕಿತ್ತು. ಆಮ್‌ಸ್ಟರ್‌ಡ್ಯಾಮ್‌ನಿಂದ ಇದ್ದ ಟಿಕೆಟ್ ದಂಡ, ಬಾರ್ಸಿಲೋನಾದಿಂದ ಹೊಸ ಟಿಕೆಟ್, ಬೆಂಗಳೂರಿಗೆ ಇಬ್ಬರದೂ ಸೇರಿ ಕದ್ದ ದುಡ್ಡಿಗಿಂತ ಜಾಸ್ತಿ ಆಯಿತು.

ಆ ಕಾಗದ ಸಿಗುವವರೆಗೆ ಸಿಟ್ಜೆಸ್ ಹತ್ತಿರ ಒಂದು ಕ್ಯಾಂಪಿಂಗ್‌ನಲ್ಲಿ, ಅಂದರೆ ಇಂಥ ಗಾಡಿ ನಿಲ್ಲಿಸಿ ಉಳಿದುಕೊಳ್ಳುವ ಜಾಗದಲ್ಲಿ, ಇದ್ದೆವು. ಗಾಡಿ ಅಲ್ಲೇ ಬಿಟ್ಟು ಬಾರ್ಸಿಲೋನಾಗೆ ರೈಲಿನಲ್ಲಿ ಓಡಾಡಿದೆವು, ಅದೇ ಸರಿ. ಆ ಊರಿನೊಳಗೆ ಕಡಿಮೆ ಹೊಗೆಯ ವಲಯ ಅಂತ ಇದೆ, ಹೊರದೇಶದ ಗಾಡಿಯಾದರೆ ಮೊದಲೇ ನೋಂದಣಿ ಮಾಡಿಸಿಕೊಳ್ಳಬೇಕು.

ವಾರದ ಕೊನೆಗೆ ಕಾನ್ಸುಲೇಟ್ ರಜೆ. ಅಪ್ಪ ಅಮ್ಮನ ಮುಖ ನೋಡಲಾಗದೆ ಎಬ್ರೊ ಕಡೆಗೆ ಕರೆದುಕೊಂಡು ಹೋದೆ. ನದಿ ಸಮುದ್ರ ಸೇರುವ ಜಾಗ, ಕಣ್ಣು ಹರಿಸಿದಷ್ಟೂ ನೀರು ಕಟ್ಟಿದ ಭತ್ತದ ಗದ್ದೆ. ಅಮ್ಮ ಇಳಿದವರೇ ಬದುವಿನ ಮೇಲೆ ನಡೆದು ಹೋದರು. ಅಪ್ಪ ಮಣ್ಣು ಮುಟ್ಟಿ ನೋಡಿ, ಭದ್ರಾ ನಾಲೆ ಬಿಟ್ಟಾಗ ನಮ್ಮ ಕಡೆ ಹೀಗೇ ಇರುತ್ತೆ ಅಂದರು. ಇಡೀ ಪ್ರವಾಸದಲ್ಲಿ ಅವರಿಬ್ಬರೂ ನಕ್ಕಿದ್ದು ಅಲ್ಲೊಂದೇ ಕಡೆ.

ಅಲ್ಲೂ ಒಂದು ತಪ್ಪು ಮಾಡಿದೆ. ಕಡಲ ದಂಡೆ ಹತ್ತಿರ ಖಾಲಿ ಜಾಗ ಇತ್ತು, ರಾತ್ರಿ ಅಲ್ಲೇ ನಿಲ್ಲಿಸಿ, ಪಕ್ಕದ ಬಟ್ಟೆ ಚಪ್ಪರ ಬಿಚ್ಚಿ, ಹೊರಗೆ ಕುರ್ಚಿ ಹಾಕಿ ಕೂತೆವು. ಬೆಳಿಗ್ಗೆ ಏಳಕ್ಕೆ ಪೊಲೀಸರು ಬಾಗಿಲು ತಟ್ಟಿದರು. ಸ್ಪೇನ್‌ನಲ್ಲಿ ಮೋಟರ್‌ಹೋಮ್ ನಿಲ್ಲಿಸುವುದು ಬೇರೆ, ಕ್ಯಾಂಪ್ ಮಾಡುವುದು ಬೇರೆ. ಪಾರ್ಕಿಂಗ್ ಇರುವ ಕಡೆ ಚಕ್ರದ ಮೇಲೆ ಸುಮ್ನೆ ನಿಂತಿದ್ದರೆ, ಒಳಗೆ ಮಲಗಿದ್ದರೂ, ಅದು ನಿಲ್ಲಿಸಿದ ಗಾಡಿ ಅಷ್ಟೇ. ಚಪ್ಪರ, ಕುರ್ಚಿ, ಮೇಜು ಹೊರಗೆ ಬಂತು, ಅಥವಾ ನೀರು ಹೊರಗೆ ಬಿಟ್ಟಿರಿ ಅಂದರೆ ಕ್ಯಾಂಪ್. ಇನ್ನು ಕಡಲ ದಂಡೆಯ ಸರ್ಕಾರಿ ಜಾಗದಲ್ಲಿ 1988ರ ಕರಾವಳಿ ಕಾನೂನಿನ ಪ್ರಕಾರ ಹೀಗೆ ಬೀಡು ಬಿಡುವ ಹಾಗೇ ಇಲ್ಲ. ಅಮ್ಮನನ್ನು ನೋಡಿಯೋ ಏನೋ, ನಮ್ಮನ್ನು ದಂಡ ಹಾಕದೆ ಕಳಿಸಿದರು. ಹೊರದೇಶದವರು ದಂಡವನ್ನು ಸ್ಥಳದಲ್ಲೇ ಕಟ್ಟಬೇಕಾಗಬಹುದು, ಇಲ್ಲದಿದ್ದರೆ ಗಾಡಿ ಹಿಡಿದು ನಿಲ್ಲಿಸುವ ಅಧಿಕಾರ ಅವರಿಗಿದೆ.

ಹೋಗುವವರು ಇಷ್ಟು ನೋಡಿಕೊಳ್ಳಿ. ಪಾಸ್‌ಪೋರ್ಟ್, ದುಡ್ಡು ಮೈ ಮೇಲೆ ಇರಲಿ, ಚೀಲದಲ್ಲಿ ಬೇಡ. ಮಾತ್ರೆಗಳನ್ನು ಎರಡು ಕಡೆ ಹಂಚಿ ಇಡಿ. ಗಾಡಿ ನಿಂತ ತಕ್ಷಣ ಬೀಗ. ಬಾಡಿಗೆ ಗಾಡಿ ತೆಗೆದುಕೊಳ್ಳುವಾಗಲೇ ಕೇಳಿ, ಎಷ್ಟೋ ಗಾಡಿಗಳಲ್ಲಿ ಮುಂದಿನ ಬಾಗಿಲಿನ ರಿಮೋಟ್ ಒತ್ತಿದರೆ ಮನೆ ಭಾಗದ ಬಾಗಿಲಿಗೆ ಬೀಗ ಬೀಳುವುದಿಲ್ಲ, ಅದಕ್ಕೆ ಬೇರೆ ಕೀ. ಸರ್ವೀಸ್ ಏರಿಯಾದಲ್ಲಿ ಒಬ್ಬರಾದರೂ ಗಾಡಿಯಲ್ಲಿ ಇರಿ, ಹೊರಡುವ ಮುಂಚೆ ನಾಲ್ಕೂ ಟೈರ್ ಸುತ್ತಿ ನೋಡಿ. ನಿಜವಾಗಿ ಟೈರ್ ಹೋಗಿ ಅಂಚಿಗೆ ನಿಲ್ಲಲೇಬೇಕಾದರೆ ಮೊದಲ ಕೆಲಸ ಬೀಗ, ಎರಡನೆಯದು 112ಕ್ಕೆ ಫೋನ್. ಯಾರಾದರೂ ಸಹಾಯಕ್ಕೆ ಬಂದರೆ ಪೊಲೀಸರು ಬರುತ್ತಿದ್ದಾರೆ ಅನ್ನಿ. ಹೈವೇ ಪಕ್ಕದ ಸರ್ವೀಸ್ ಏರಿಯಾದಲ್ಲಿ ರಾತ್ರಿ ಮಲಗಲೇಬೇಡಿ, ಮೋಟರ್‌ಹೋಮ್‌ಗಳಿಗೆ ಅಂತಲೇ ಇರುವ ಜಾಗ ಅಥವಾ ಕ್ಯಾಂಪಿಂಗ್ ಹುಡುಕಿ. ಕಿಟಕಿಯಿಂದ ಅಮಲಿನ ಗ್ಯಾಸ್ ಬಿಟ್ಟು ಮಲಗಿಸಿ ಕದಿಯುತ್ತಾರೆ ಅಂತ ಒಂದು ಕಥೆ ಓಡಾಡುತ್ತಿರುತ್ತದೆ. ಬ್ರಿಟನ್ನಿನ ಅರಿವಳಿಕೆ ವೈದ್ಯರ ರಾಯಲ್ ಕಾಲೇಜೇ ಅದು ಆಗದ ಮಾತು ಅಂದಿದೆ. ಅದಕ್ಕೆ ಸುಮ್ನೆ ಅಲಾರ್ಮ್ ಕೊಳ್ಳಬೇಡಿ. ಗ್ಯಾಸ್ ಯಾಕೆ ಬೇಕು, ನಾವು ಕಣ್ಣು ಬಿಟ್ಟುಕೊಂಡೇ ಬಾಗಿಲು ತೆಗೆದುಕೊಟ್ಟೆವಲ್ಲ.

ಅಪ್ಪ ಅಮ್ಮನನ್ನು ವಿಮಾನ ಹತ್ತಿಸಿ ನಾವು ಮೂವರೂ ಅದೇ ಹೈವೇಯಲ್ಲಿ ವಾಪಸ್ ಹೊರಟೆವು. ಫ್ರಾನ್ಸ್ ಒಳಗೆ, ಪೆರ್ಪಿನ್ಯಾನ್ ಇನ್ನೂ ಬಂದಿರಲಿಲ್ಲ, ಒಂದು ಕೆಂಪು ಕಾರು ಪಕ್ಕಕ್ಕೆ ಬಂತು. ಹಾರ್ನ್. ವಯಸ್ಸಾದ ಹೆಂಗಸೊಬ್ಬರು ನಮ್ಮ ಬಲಗಡೆ ಕೈ ತೋರಿಸಿ ಏನೋ ಕೂಗುತ್ತಿದ್ದರು. ನನ್ನ ಹೆಂಡತಿ, 'ನೋಡಬೇಡಿ, ಮುಂದೆ ನೋಡಿ ಓಡಿಸಿ' ಅಂದಳು. ಒಂದು ಕಿಲೋಮೀಟರ್‌ವರೆಗೆ ಅವರು ಬಿಡಲಿಲ್ಲ, ಆಮೇಲೆ ಕೈ ಚೆಲ್ಲಿ ಮುಂದೆ ಹೋದರು. ನಾನು ಮುಂದಿನ ಬಂಕ್‌ವರೆಗೆ ಹೋಗಿ, ಬೀಗ ಹಾಕಿ, ಇಳಿದು ನೋಡಿದೆ. ಬಾಗಿಲ ಮೆಟ್ಟಿಲು ಮಡಚುವುದು ಮರೆತಿದ್ದೆ. ಹೊರಗೆ ಚಾಚಿಕೊಂಡೇ ಬಂದು, ಎಲ್ಲೋ ಅಂಚಿಗೆ ತಗುಲಿ ತಿರುಚಿ ಹೋಗಿತ್ತು. ಪಾಪ, ಆ ಅಮ್ಮ ಹೇಳಿದ್ದು 'ಸ್ಟ್ಯಾಂಡ್ ಸ್ಟ್ಯಾಂಡ್' ಅಂತಲೇ.

ಮೆಟ್ಟಿಲಿಗೆ 220 ಯೂರೋ ಡೆಪಾಸಿಟ್‌ನಲ್ಲಿ ಹಿಡಿದುಕೊಂಡರು. ಅದೇನೂ ಬೇಜಾರಿಲ್ಲ. ಇನ್ನೊಂದು ಸಲ ಆದರೂ ನಾನು ಬಂಕ್‌ವರೆಗೆ ನಿಲ್ಲಿಸುವುದಿಲ್ಲ.