ಹಳೇ ರೋಡ್‌ಸ್ಟರಿಗೆ ದೊಡ್ಡ ಬ್ಯಾಟರಿ ಹಾಕಿಸ್ಬೇಕು ಅಂತಿದೀರಾ? ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗ್ಬೇಡಿ, ಹೇಳ್ದೆ ಇದ್ರೆ ಇನ್ನೂ ನಾಲ್ಕು ಜನ ಇದೇ ಗುಂಡಿಗೆ ಬೀಳ್ತಾರೆ ಅಂತ ಬರೀತಿದೀನಿ. ಮೊದಲನೇ ಟೆಸ್ಲಾ ರೋಡ್‌ಸ್ಟರ್ ಇದೆಯಲ್ಲ, 2008ರಿಂದ 2012ರವರೆಗೆ ಬಂದಿದ್ದು, ಲೋಟಸ್ ಎಲೀಸ್ ಅನ್ನೋ ಸ್ಪೋರ್ಟ್ಸ್ ಕಾರ್ ಥರ ಕಾಣೋ ಎರಡು ಸೀಟಿನ ಎಲೆಕ್ಟ್ರಿಕ್ ಗಾಡಿ, ಅದಕ್ಕೆ "80 ಕಿಲೋವ್ಯಾಟ್ ಅವರ್ ಹೊಸ ಬ್ಯಾಟರಿ ಹಾಕ್ಕೊಡ್ತೀವಿ" ಅನ್ನೋ ಗ್ಯಾರೇಜುಗಳ ವಿಷ್ಯ ಇದು. (ಕಿಲೋವ್ಯಾಟ್ ಅವರ್ ಅಂದ್ರೆ ಬ್ಯಾಟರಿ ಎಷ್ಟು ಎನರ್ಜಿ ಹಿಡಿಯುತ್ತೆ ಅನ್ನೋ ಲೆಕ್ಕ.) ಆ ಕೆಲಸ ಮಾಡೋರೆಲ್ಲ ಕಳ್ಳರು ಅಂತಿಲ್ಲ, ಒಳ್ಳೇವ್ರೂ ಇದಾರೆ, ಕೊನೇಲಿ ನನ್ನ ಗಾಡಿ ಬಿಚ್ಚಿ ನೋಡಿದವರೇ ಅಂಥವ್ರು. ಆದ್ರೆ ನಂಗೆ ಮೊದಲು ಸಿಕ್ಕಿದವ್ರು ನೀಟಾಗಿ ನಾಮ ಹಾಕಿದ್ರು. ಹೆಸ್ರು ಕೇಳ್ಬೇಡಿ, ವಕೀಲರು ಬೇಡ ಅಂದಿದಾರೆ.

ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ. ಗಾಡಿ 2010ರದ್ದು, ಸೆಕೆಂಡ್ ಹ್ಯಾಂಡ್. ಇಡೀ ಪ್ರಪಂಚದಲ್ಲಿ ಈ ಮಾಡೆಲ್ ಸುಮಾರು 2,450 ಮಾತ್ರ ತಯಾರಾಗಿದ್ದು, ಹಾಗಾಗಿ ಪಾರ್ಟ್ಸ್ ವಿಷ್ಯ ನೀವೇ ಊಹಿಸ್ಕೊಳ್ಳಿ. ಓಡಿಸೋಕಂತೂ ಮಜಾ, ಪವರ್ ಸ್ಟೀರಿಂಗೂ ಇಲ್ಲ, ರೋಡಿನ ಒಂದೊಂದು ಕಲ್ಲೂ ಕೈಗೆ ಗೊತ್ತಾಗುತ್ತೆ. ಪ್ರಾಬ್ಲಮ್ ಬ್ಯಾಟರಿದು. ಹೊಸದಿದ್ದಾಗ 53 ಕಿಲೋವ್ಯಾಟ್ ಅವರ್, 244 ಮೈಲಿ. ನನ್ನ ಕೈಗೆ ಬರೋ ಹೊತ್ತಿಗೆ ಪೂರ್ತಿ ತುಂಬಿಸಿದ್ರೂ 190ರ ಆಸುಪಾಸು. ಬ್ಯಾಟರಿಗೆ ವಯಸ್ಸಾಗಿದೆ, ತಪ್ಪು ಯಾರದ್ದೂ ಅಲ್ಲ.

ಮೋಸ ಎಲ್ಲಾಯ್ತು ಅಂತ ಅರ್ಥ ಆಗ್ಬೇಕಂದ್ರೆ ಬ್ಯಾಟರಿ ಒಳಗೆ ಏನಿದೆ ಅಂತ ಸ್ವಲ್ಪ ಹೇಳ್ಬೇಕು. ಸೀಟಿನ ಹಿಂದೆ ಸುಮಾರು 450 ಕೆಜಿ ತೂಕದ ಒಂದು ದೊಡ್ಡ ಪೆಟ್ಟಿಗೆ, ಇದಕ್ಕೇ ಪ್ಯಾಕ್ ಅನ್ನೋದು. ಅದರೊಳಗೆ 6,831 ಸೆಲ್, ಎಲ್ಲಾ 18650 ಸೈಜು, ಹಳೇ ಲ್ಯಾಪ್‌ಟಾಪ್ ಬ್ಯಾಟರೀಲಿ ಇರ್ತಿತ್ತಲ್ಲ ಅದೇ. 69 ಸೆಲ್ ಪಕ್ಕಪಕ್ಕ ಪ್ಯಾರಲಲ್ ಸೇರಿಸಿದ್ರೆ ಒಂದು ಬ್ರಿಕ್, 9 ಬ್ರಿಕ್ ಸೇರಿ ಒಂದು ಶೀಟ್, ಹಂಗೆ 11 ಶೀಟ್. ಒಟ್ಟು 99 ಬ್ರಿಕ್ ಒಂದರ ಹಿಂದೆ ಒಂದು ಸೀರೀಸಲ್ಲಿ. ಸೀರೀಸ್ ಅಂದ್ಮೇಲೆ ಎಲ್ಲದ್ರಲ್ಲೂ ಹರಿಯೋದು ಒಂದೇ ಕರೆಂಟು, ಯಾವ್ದು ಮೊದಲು ಖಾಲಿ ಆಗುತ್ತೋ ಅಲ್ಲಿಗೆ ಆಟ ಮುಗೀತು, ಮಿಕ್ಕ 98 ಬ್ರಿಕ್ಕಲ್ಲಿ ಎಷ್ಟೇ ಚಾರ್ಜ್ ಉಳಿದಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಖಾಲಿ ಆದ ಸೆಲ್ಲಿಂದ ಇನ್ನೂ ಎಳೆದ್ರೆ ಅದು ಶಾಶ್ವತವಾಗಿ ಹಾಳು, ಅದಕ್ಕೇ ಗಾಡಿನೇ ನಿಲ್ಲಿಸಿಬಿಡುತ್ತೆ. ಜಯನಗರದಲ್ಲಿ ನಮ್ಮ ಸೋದರಮಾವನ ಹತ್ರ ಒಂದು ರೇವಾ ಎಲೆಕ್ಟ್ರಿಕ್ ಕಾರ್ ಇತ್ತು, ಅದ್ರಲ್ಲಿ 6 ವೋಲ್ಟಿನ 8 ಲೆಡ್ ಆಸಿಡ್ ಬ್ಯಾಟರಿ, ಒಂದು ಸಲ ರಿಪೇರಿಯವ್ನು ಏಳು ಹೊಸದು ಹಾಕಿ ಒಂದು ಹಳೇದನ್ನ ಒರೆಸಿ ಸೇರಿಸಿಬಿಟ್ಟಿದ್ದ, ಮಾವ ಸೌತ್ ಎಂಡ್ ಸರ್ಕಲ್ ತನಕ ಹೋಗಿ ವಾಪಸ್ ತಳ್ಕೊಂಡು ಬಂದಿದ್ರು. ನಂಗಾಗಿದ್ದೂ ಅದೇ, ಡಾಲರ್ ಲೆಕ್ಕದಲ್ಲಿ.

ಅಪ್‌ಗ್ರೇಡ್ ಅನ್ನೋದು ಸುಳ್ಳು ಕಲ್ಪನೆ ಏನಲ್ಲ. ಟೆಸ್ಲಾದವ್ರೇ 2014ರ ಡಿಸೆಂಬರಲ್ಲಿ ರೋಡ್‌ಸ್ಟರ್ 3.0 ಅಂತ ಅನೌನ್ಸ್ ಮಾಡಿ, ಅದೇ ಪೆಟ್ಟಿಗೆ ಅಳತೇಲಿ ಸುಮಾರು 70 ಕಿಲೋವ್ಯಾಟ್ ಅವರ್ ತುಂಬಿಸಿದ್ರು, ಸೆಲ್ ಒಂದೊಂದ್ರಲ್ಲಿ 31 ಪರ್ಸೆಂಟ್ ಜಾಸ್ತಿ ಎನರ್ಜಿ. ಬೆಲೆ 29,000 ಡಾಲರ್ ಇಟ್ಟಿದ್ರು. ಈಗ ಆ ಪ್ಯಾಕ್ ನೆಚ್ಕೊಂಡು ಕೂತ್ರೆ ಆಗಲ್ಲ, ಅದಕ್ಕೇ ಜನ ಹೊರಗಡೆ ಗ್ಯಾರೇಜ್ ಹುಡುಕೋದು. ನಾನು ಹಿಡಿದವರು ಕೇಳಿದ್ದು ಅದಕ್ಕಿಂತ ಜಾಸ್ತಿನೇ. ಹೊಸ ಸೆಲ್, 80 ಕಿಲೋವ್ಯಾಟ್ ಅವರ್, 300 ಮೈಲಿ ಗ್ಯಾರಂಟಿ ದಾಟುತ್ತೆ, ಹಳೇ ಪ್ಯಾಕ್ ಎಕ್ಸ್‌ಚೇಂಜ್. ಅಡ್ವಾನ್ಸ್ ಕಾರ್ಡಲ್ಲಿ, ಬಾಕಿ ವೈರ್ ಟ್ರಾನ್ಸ್‌ಫರ್, ಅದೂ ಗಾಡಿ ಬಿಡೋ ಮುಂಚೆ.

ತಿಂಗಳುಗಟ್ಟಲೆ ಲೇಟ್ ಮಾಡಿದ್ರು. ಸೆಲ್ ಬಂದಿಲ್ಲ, ಬಂತು, ವೆಲ್ಡಿಂಗ್ ಮಾಡೋ ಹುಡುಗ ರಜೆ, ಹೀಗೇ ಏನೇನೋ. ಫೋನ್ ಮಾಡಿದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಈ ಲೇಟ್ ಸುಮ್ನೆ ಸೋಮಾರಿತನ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಇದ್ರಿಂದ ಅವ್ರಿಗೆ ಲಾಭನೂ ಇದೆ ಅಂತ, ಕಾರ್ಡ್ ಕಂಪ್ನೀಲಿ ಡಿಸ್ಪ್ಯೂಟ್ ಹಾಕೋಕೆ ಇರೋ ಟೈಮ್ ಅಷ್ಟರಲ್ಲಿ ಕಳೆದುಹೋಗಿತ್ತು.

ಗಾಡಿ ಬಂದಾಗ ಸ್ಕ್ರೀನಲ್ಲಿ 320 ಮೈಲಿ ತೋರಿಸ್ತಿತ್ತು. ಊರೊಳಗೆ ಆಫೀಸು ಮನೆ ಅಂತ ಓಡಾಡಿದ್ರೆ ಏನೂ ಗೊತ್ತಾಗಲ್ಲ, ದಿನಾ ರಾತ್ರಿ ಚಾರ್ಜಿಗೆ ಹಾಕ್ತೀವಲ್ಲ. ಗೊತ್ತಾಗಿದ್ದು ಫಾಲ್ಸಮ್‌ಗೆ ಸ್ನೇಹಿತರ ಗೃಹಪ್ರವೇಶಕ್ಕೆ ಹೋದ ದಿನ. ಹೋಗೋದು ಬರೋದು ಸೇರಿ 240 ಮೈಲಿ ಹತ್ರ, 320 ಇದ್ಮೇಲೆ ಚಾರ್ಜ್ ಯಾಕೆ. ವಾಪಸ್ ಬರ್ತಾ ಟ್ರೇಸಿ ದಾಟಿ 580 ಹೈವೇಲಿ ಅಲ್ಟಮಾಂಟ್ ಪಾಸ್ ಹತ್ತೋಕೆ ಶುರು ಮಾಡಿದ್ವಿ, ಗಾಳಿಯಂತ್ರ ಸಾಲಾಗಿ ನಿಂತಿರ್ತಾವಲ್ಲ ಆ ಗುಡ್ಡ. ಸ್ಕ್ರೀನಲ್ಲಿ ಇನ್ನೂ 110 ಮೈಲಿ ಬಾಕಿ. ಪೆಡಲ್ ಒತ್ತಿದ್ರೆ ಗಾಡಿ ಏಳ್ತಾನೇ ಇಲ್ಲ. ಪವರ್ ಲಿಮಿಟ್ ಅಂತ ವಾರ್ನಿಂಗ್ ಬಂತು, 110 ಇದ್ದಿದ್ದು ಕಣ್ಣ ಮುಂದೆ ಪಟಪಟ ಅಂತ ಇಳೀತು, ಹಿಂದೆ ಟ್ರಕ್ಕಿನವ್ನು ಹಾರ್ನ್ ಹೊಡೀತಿದಾನೆ, ಹಾಗೂ ಹೀಗೂ ರೋಡ್ ಪಕ್ಕದ ಶೋಲ್ಡರಿಗೆ ತಂದು ನಿಲ್ಲಿಸ್ದೆ. ಹೆಂಡ್ತಿ ರೇಷ್ಮೆ ಸೀರೇಲಿ, ಕಾಲ ಮೇಲೆ ಹೋಳಿಗೆ ಡಬ್ಬಿ, ಒಂದು ಮಾತಾಡ್ಲಿಲ್ಲ. ಬೈದಿದ್ರೇ ವಾಸಿ ಇತ್ತು.

ಗ್ಯಾರೇಜಿನವ್ರಿಗೆ ಫೋನ್ ಮಾಡಿದ್ರೆ "ಹೊಸ ಬ್ಯಾಟರಿ, ಸೆಟ್ಲ್ ಆಗೋಕೆ ಟೈಮ್ ಬೇಕು, ಬ್ಯಾಲೆನ್ಸ್ ಆಗುತ್ತೆ" ಅಂದ್ರು. ಇದು ಕೇಳೋಕೆ ಸರಿ ಅನ್ನಿಸುತ್ತೆ, ಬ್ರಿಕ್‌ಗಳ ಬ್ಯಾಲೆನ್ಸಿಂಗ್ ಅನ್ನೋದು ನಿಜವಾಗ್ಲೂ ಇದೆ. ಆದ್ರೆ ಬ್ಯಾಲೆನ್ಸಿಂಗ್ ಮಾಡೋದು ಎಲ್ಲಾ ಬ್ರಿಕ್ಕನ್ನ ಒಂದೇ ಮಟ್ಟಕ್ಕೆ ತರೋ ಕೆಲಸ, ಸಣ್ಣ ಕೊಡನ ದೊಡ್ಡದು ಮಾಡೋಕೆ ಅದಕ್ಕೆ ಬರಲ್ಲ.

ನಮ್ಮ ಹುಡುಗ ಒಬ್ಬ ಇದಾನೆ, ಶಿವಮೊಗ್ಗ ಕಡೆಯವ್ನು, ಬ್ಯಾಟರಿ ಟೆಸ್ಟಿಂಗ್ ಲ್ಯಾಬಲ್ಲಿ ಕೆಲಸ. ಅವ್ನು ಕೇಳಿದ ಮೊದಲ ಪ್ರಶ್ನೆ "ಅಣ್ಣಾ, ಲಾಗ್ ತೆಗೆದ್ರಾ?" ಅಂತ. ಲಾಗ್ ಅಂದ್ರೆ ಗಾಡಿ ತಾನೇ ಬರೆದಿಟ್ಕೊಳ್ಳೋ ದಾಖಲೆ. ಈ ಗಾಡೀಲಿ ಯುಎಸ್‌ಬಿ ಪೋರ್ಟ್ ಇದೆ, ಪೆನ್‌ಡ್ರೈವ್ ಹಾಕಿದ್ರೆ ಲಾಗ್ ಇಳಿಸ್ಕೊಬಹುದು, ಅದನ್ನ ಓದೋಕೆ ಓನರ್‌ಗಳೇ ಬರೆದ ಫ್ರೀ ಪ್ರೋಗ್ರಾಂ ಇದೆ. ಓವಿಎಂಎಸ್ ಅನ್ನೋ ಸಣ್ಣ ಡಬ್ಬಿನೂ ಸಿಗುತ್ತೆ, ಮೊದಲು ಶುರುವಾಗಿದ್ದೇ ಈ ಗಾಡಿಗೋಸ್ಕರ, ಡಯಾಗ್ನೋಸ್ಟಿಕ್ ಪೋರ್ಟಿಗೆ ಸಿಗಿಸಿದ್ರೆ ಫೋನಲ್ಲೇ ಬ್ಯಾಟರಿ ಹೆಲ್ತ್ ಕಾಣುತ್ತೆ. ನೋಡ್ಬೇಕಾದ ನಂಬರ್ ಸಿಎಸಿ ಅಂತ, ಬ್ಯಾಟರಿ ಎಷ್ಟು ಆಂಪ್ ಅವರ್ ಹಿಡಿಯುತ್ತೆ ಅಂತ ಗಾಡಿ ತಾನೇ ಲೆಕ್ಕ ಹಾಕಿ ಇಟ್ಕೊಂಡಿರೋದು. ಹೊಸ 53ರ ಪ್ಯಾಕಿಗೆ 160 ಹತ್ರ ಇರ್ತಿತ್ತು. 3.1 ಆಂಪ್ ಅವರ್ ಸೆಲ್ 69 ಇದ್ರೆ 210 ಮೇಲೆ ಬರ್ಬೇಕು, ಗುಣಾಕಾರ ನೀವೇ ಮಾಡ್ಕೊಳ್ಳಿ.

ಲಾಗಲ್ಲಿ ಕಂಡಿದ್ದು ಹೀಗೆ: ಡೆಲಿವರಿ ದಿನ ಸಿಎಸಿ ಒಂದೇ ಏಟಿಗೆ ಮೇಲಕ್ಕೆ ಜಿಗಿದಿದೆ, ಹಳೇದ್ರಿಂದ ನೇರ 210ಕ್ಕೆ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಇಳೀತಾ ಬಂದಿದೆ. ಬ್ರಿಕ್‌ಗಳ ಸರಾಸರಿ ಚೆನ್ನಾಗೇ ಇದೆ, ಮಿನಿಮಮ್ ಮಾತ್ರ 125ರ ಹತ್ರ, ಆ ಮಿನಿಮಮ್ ಬ್ರಿಕ್ ನಂಬರ್ ಯಾವಾಗ ನೋಡಿದ್ರೂ ಅದೇ ಎರಡು ಶೀಟಲ್ಲೇ ಬೀಳ್ತಿದೆ. ಶೀಟ್ ಬದಲಾಯಿಸಿದ ಮೇಲೆ ಸಿಎಸಿ ನಂಬರ್ ರೀಸೆಟ್ ಮಾಡೋದು ರಿಪೇರಿಯವ್ರಿಗೆ ಮಾಮೂಲಿ ಕೆಲಸವಂತೆ, ಇವ್ರು ಬೇಕಾದ ನಂಬರ್ ಬರೆದು ಕಳಿಸಿದಾರೆ, ಸ್ಕ್ರೀನು ಪಾಪ ಅದನ್ನೇ ಮೈಲಿ ಮಾಡಿ ತೋರಿಸಿದೆ. ಗಾಡಿ ನಿಧಾನಕ್ಕೆ ನಿಜ ಏನು ಅಂತ ಕಲೀತಾ ಬರ್ತಿತ್ತು, ಅಷ್ಟರಲ್ಲಿ ನಾನು ಗುಡ್ಡ ಹತ್ತಿಸ್ದೆ.

ಬೇರೆ ಟೆಕ್ನಿಷಿಯನ್ ಹತ್ರ ಪ್ಯಾಕ್ ಇಳಿಸಿ ಬಿಚ್ಚಿಸಿದ್ವಿ. (ದಯವಿಟ್ಟು ನೀವೇ ಮನೇಲಿ ಬಿಚ್ಚೋಕೆ ಹೋಗ್ಬೇಡಿ, ಪೂರ್ತಿ ಚಾರ್ಜಲ್ಲಿ 400 ವೋಲ್ಟ್ ದಾಟುತ್ತೆ, ಹೆಣ ಬೀಳುತ್ತೆ.) ಒಂಬತ್ತು ಶೀಟಲ್ಲಿ ಸೆಲ್‌ಗಳ ಹೊದಿಕೆ ಒಂದು ಬಣ್ಣ, ಎರಡರಲ್ಲಿ ಬೇರೆ ಬಣ್ಣ. ಆ ಎರಡರ ಲೇಬಲ್ಲನ್ನ ಥಿನ್ನರ್ ಹಾಕಿ ಉಜ್ಜಿದಾರೆ, ಪೂರ್ತಿ ಹೋಗಿಲ್ಲ, ಓರೆಯಾಗಿ ಟಾರ್ಚ್ ಹಿಡಿದ್ರೆ 2009 ಅಂತ ಓದೋಕಾಗುತ್ತೆ, ಅದ್ರ ಮೇಲೆ ಕಪ್ಪು ಮಾರ್ಕರಲ್ಲಿ ಹೊಸ ಸೀರಿಯಲ್ ನಂಬರ್. ಇನ್ನೊಂದು, ಈ ಪ್ಯಾಕಲ್ಲಿ ಪ್ರತಿ ಸೆಲ್ಲಿಗೂ ಎರಡೆರಡು ಫ್ಯೂಸ್ ಇರುತ್ತೆ, ಹಳೇ ಶೀಟಿನ ಒಂದು ಬ್ರಿಕ್ಕಲ್ಲಿ ನಾಲ್ಕು ಸೆಲ್ಲಿನ ಫ್ಯೂಸ್ ತಂತೀನ ಕಟರಲ್ಲಿ ಕತ್ತರಿಸಿದ್ರು, ತುದಿ ಚೂಪಾಗಿ ಎದ್ದು ನಿಂತಿತ್ತು. ಕೆಟ್ಟ ಸೆಲ್ಲನ್ನ ಹೀಗೆ ಬೇರೆ ಮಾಡೋದು ರಿಪೇರೀಲಿ ಇದೆ, ತಪ್ಪೇನಲ್ಲ, ಆದ್ರೆ ಹೊಸದು ಅಂತ ಬಿಲ್ ಹಾಕಿದ ಶೀಟಲ್ಲಿ ಯಾಕಿರ್ಬೇಕು? ಅಂದ್ರೆ ಆ ಬ್ರಿಕ್ಕಲ್ಲಿ 69 ಅಲ್ಲ 65 ಸೆಲ್, ಅವೂ ಹಳೇವು. ಎರಡು ಶೀಟಿನ ದುಡ್ಡು ಉಳಿಸೋಕೆ ಹೋಗಿ ಮಿಕ್ಕ ಒಂಬತ್ತು ಹೊಸ ಶೀಟನ್ನೂ ವೇಸ್ಟ್ ಮಾಡಿದಾರೆ. ಅಷ್ಟೆಲ್ಲ ಸುರಿದ ಮೇಲೂ ನಂಗೆ ಸಿಕ್ಕಿದ್ದು ಅದೇ ಹಳೇ 190 ಮೈಲಿ. ಕಳ್ಳತನಾನೂ ನೆಟ್ಟಗೆ ಮಾಡೋಕೆ ಬರಲ್ಲ ಇವ್ರಿಗೆ.

ನನ್ನ ಹಳೇ ಪ್ಯಾಕ್ ವಾಪಸ್ ಕೊಡಿ, ನಿಮ್ದು ನೀವೇ ಇಟ್ಕೊಳ್ಳಿ ಅಂದೆ. "ಅದು ರೀಸೈಕ್ಲಿಂಗಿಗೆ ಹೋಗಾಯ್ತು" ಅಂದ್ರು. ನಂಬ್ತೀರಾ? ಬರೀ 2,450 ಗಾಡಿ ತಯಾರಾಗಿರೋ ಪ್ರಪಂಚದಲ್ಲಿ ಓಡೋ ಸ್ಥಿತೀಲಿರೋ ಶೀಟನ್ನ ಯಾರಾದ್ರೂ ಗುಜರಿಗೆ ಹಾಕ್ತಾರಾ? ನನ್ನ ಅನುಮಾನ, ಅದ್ರ ಒಳ್ಳೇ ಶೀಟ್‌ಗಳು ಈಗ ಇನ್ನೊಬ್ಬರ "ಹೊಸ" ಬ್ಯಾಟರೀಲಿ ಕೂತಿವೆ.

ಕಾನೂನು ಏನು ಹೇಳುತ್ತೆ ಅಂದ್ರೆ, ಕ್ಯಾಲಿಫೋರ್ನಿಯಾದಲ್ಲಿ ರಿಪೇರಿ ಮಾಡೋರು ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್ ಅನ್ನೋ ಸರ್ಕಾರಿ ಇಲಾಖೇಲಿ ರಿಜಿಸ್ಟರ್ ಆಗಿರ್ಬೇಕು, ಕೆಲಸಕ್ಕೆ ಮುಂಚೆ ಲಿಖಿತ ಎಸ್ಟಿಮೇಟ್ ಕೊಡ್ಬೇಕು, ಹಾಕಿರೋ ಪಾರ್ಟ್ ಹಳೇದೋ ರೀಕಂಡೀಷನ್ ಮಾಡಿದ್ದೋ ಆಗಿದ್ರೆ ಬಿಲ್ಲಲ್ಲಿ ಬರೀಲೇಬೇಕು. ಕೆಲಸಕ್ಕೆ ಒಪ್ಪಿಗೆ ಕೊಡೋವಾಗ್ಲೇ ಕೇಳಿದ್ರೆ ಬಿಚ್ಚಿದ ಪಾರ್ಟ್ ವಾಪಸ್ ಪಡೆಯೋ ಹಕ್ಕೂ ಇದೆ, ಆದ್ರೆ ಎಕ್ಸ್‌ಚೇಂಜ್ ಅಂತ ಸಹಿ ಆದ್ರೆ ಆ ಹಕ್ಕು ಹಲ್ಲಿಲ್ಲದ ಹಾವು. ಬ್ಯೂರೋಗೆ ಕಂಪ್ಲೇಂಟ್ ಕೊಟ್ಟಿದೀನಿ, ಅವ್ರು ಮಧ್ಯಸ್ಥಿಕೆ ಮಾಡ್ತಾರೆ, ಲೈಸೆನ್ಸ್ ಮೇಲೆ ಕ್ರಮ ತಗೋಬಹುದು, ದುಡ್ಡು ವಾಪಸ್ ಕೊಡು ಅಂತ ಬಲವಂತ ಮಾಡೋ ಅಧಿಕಾರ ಇಲ್ಲ. ಸಣ್ಣ ಮೊತ್ತದ ಕೇಸ್ ವಕೀಲರಿಲ್ಲದೆ ನಡೆಸೋ ಸ್ಮಾಲ್ ಕ್ಲೇಮ್ಸ್ ಕೋರ್ಟಲ್ಲಿ ಮಿತಿ 12,500 ಡಾಲರ್. ಅದಕ್ಕಿಂತ ಜಾಸ್ತಿ ಬೇಕು ಅಂದ್ರೆ ವಕೀಲರ ಫೀಸು, ಅದು ಇನ್ನೊಂದು ಬ್ಯಾಟರಿ.

ಅದಕ್ಕೇ ಹೇಳೋದು, ಮಾಡಿಸೋದಿದ್ರೆ ಮಾಡಿಸಿ, ಆದ್ರೆ ಹಳೇ ಪ್ಯಾಕ್ ಕೊಡ್ಬೇಡಿ. ಎಕ್ಸ್‌ಚೇಂಜಿಗೆ ಎಷ್ಟೇ ಡಿಸ್ಕೌಂಟ್ ಅಂದ್ರೂ, ಹೊಸದು ಸರಿ ಇದೆ ಅಂತ ಖಾತ್ರಿ ಆಗೋವರೆಗೂ ಅದು ನಿಮ್ಮ ಹೆಸರಲ್ಲೇ ಇರ್ಲಿ, ಎಸ್ಟಿಮೇಟಲ್ಲೇ ಬರೆಸಿ. ಸೆಲ್ ಯಾವ ಕಂಪ್ನಿ, ಯಾವ ಮಾಡೆಲ್, ಎಷ್ಟು ಆಂಪ್ ಅವರ್, ಖರೀದಿ ಬಿಲ್ ಸಮೇತ ಕೇಳಿ. ಮುಚ್ಚೋ ಮುಂಚೆ 11 ಶೀಟಿಂದೂ ಫೋಟೋ, ಲೇಬಲ್ ಕಾಣೋ ಹಾಗೆ. ಬಾಕಿ ದುಡ್ಡು ಕೊಡದೆ ಗಾಡಿ ಬಿಡಲ್ಲ ಅನ್ನೋ ಹಕ್ಕು ಗ್ಯಾರೇಜಿಗೆ ಇದೆ, ಹಾಗಾಗಿ ದುಡ್ಡು ಕೊಡೋ ಮುಂಚೆ ಅವ್ರ ಜಾಗದಲ್ಲೇ ಪೂರ್ತಿ ತುಂಬಿಸಿ ಪೂರ್ತಿ ಇಳಿಸಿದ ಲಾಗ್ ಕೊಡ್ಬೇಕು ಅಂತ ಕಾಗದದಲ್ಲಿ ಹಾಕಿಸಿ. ಬರೀ ಸ್ಕ್ರೀನ್ ಫೋಟೋ ಕಳಿಸಿದ್ರೆ ಒಪ್ಪಲೇಬೇಡಿ. ಹಾಂ, ಇನ್ನೊಂದು, ದೊಡ್ಡ ಬ್ಯಾಟರಿ ಹಾಕಿದ್ರೆ ಟೆಸ್ಲಾದ ಫಾಸ್ಟ್ ಚಾರ್ಜರ್ ಆದ ಸೂಪರ್‌ಚಾರ್ಜರಲ್ಲಿ ಚಾರ್ಜ್ ಹಾಕ್ಬಹುದು ಅಂತ ಯಾರಾದ್ರೂ ಬಣ್ಣ ಹಚ್ಚಿದ್ರೆ ಅಲ್ಲಿಂದ ಎದ್ದು ಬನ್ನಿ, ಈ ಗಾಡೀಲಿ ಡಿಸಿ ಫಾಸ್ಟ್ ಚಾರ್ಜಿಂಗೇ ಇಲ್ಲ, ಹೆಚ್ಚಂದ್ರೆ 240 ವೋಲ್ಟಲ್ಲಿ 70 ಆಂಪ್. ಮನೇಲಿ 40 ಆಂಪ್ ಇದ್ರೆ 70 ಕಿಲೋವ್ಯಾಟ್ ಅವರ್ ತುಂಬೋಕೆ ಇಡೀ ರಾತ್ರಿ ಬೇಕು.

ಸದ್ಯಕ್ಕೆ ಆ ಟೆಕ್ನಿಷಿಯನ್ನು ಎರಡು ಶೀಟಿಗೆ ಸರಿಹೊಂದೋ ಸೆಲ್ ಹುಡುಕ್ತಿದಾರೆ, ಗಾಡಿ ಅಲ್ಲೇ ಇದೆ. ಇದರ ಮಧ್ಯೆ ಸ್ಯಾನ್ ಹೋಸೆಯಿಂದ ಪರಿಚಯದವ್ರೊಬ್ರು ಫೋನ್ ಮಾಡಿದ್ರು, "ಅಪ್‌ಗ್ರೇಡ್ ಆಗಿರೋ" ರೋಡ್‌ಸ್ಟರ್ ಒಂದು ಮಾರಾಟಕ್ಕಿದೆ, ಸ್ಕ್ರೀನಲ್ಲಿ 315 ಮೈಲಿ ತೋರಿಸುತ್ತೆ, ತಗೊಳ್ಳೋದಾ ಅಂತ. ಲಾಗ್ ಕೇಳಿ ನೋಡಿ ಅಂದೆ. ಮಾರೋರು ಯುಎಸ್‌ಬಿ ಪೋರ್ಟ್ ಕೆಟ್ಟಿದೆ ಅಂದ್ರಂತೆ. ಓವಿಎಂಎಸ್ ಡಬ್ಬಿ ನಾನೇ ತರ್ತೀನಿ, ಐದು ನಿಮಿಷದ ಕೆಲಸ ಅಂತ ಹೇಳಿ ಅಂದೆ. ಅದಾದ ಮೇಲೆ ಆ ಮಾರೋರು ಇವ್ರ ಫೋನೇ ಎತ್ತಿಲ್ಲ.