ಏಳು ದಿನ, ಐದು ದೇಶ, ಐದು ದಂಡ

ಯುರೋಪಿನಿಂದ ವಾಪಸ್ ಬಂದು ಎರಡು ತಿಂಗಳಾಗಿತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ ಕ್ರೆಡಿಟ್ ಕಾರ್ಡಿನಿಂದ ಸಾಲಾಗಿ ಮೂರು ಮೆಸೇಜ್ ಬಂದವು. ಒಂದೊಂದರಲ್ಲೂ ಹತ್ತಿರ ಹತ್ತಿರ ನಾಲ್ಕು ಸಾವಿರ ರೂಪಾಯಿ ಹೋಗಿತ್ತು. ಯಾರೋ ಕಾರ್ಡಿಗೆ ಕನ್ನ ಹಾಕಿದರು ಅಂತ ಗಾಬರಿಯಾಗಿ ಬ್ಲಾಕ್ ಮಾಡಿಸಿದೆ. ವಿಚಾರಿಸಿದರೆ ಕಳ್ಳರು ಯಾರೂ ಇಲ್ಲ. ಜರ್ಮನಿಯ ಮ್ಯೂನಿಕ್‌ನಲ್ಲಿ ನಮಗೆ ಕಾರು ಬಾಡಿಗೆಗೆ ಕೊಟ್ಟ ಕಂಪನಿ, ನಾನೇ ಸಹಿ ಹಾಕಿಕೊಟ್ಟ ಕಾಗದದ ಪ್ರಕಾರ ಹಣ ತೆಗೆದುಕೊಂಡಿತ್ತು.

ಇನ್ನೊಂದು ವಿಷಯ ಕೇಳಿ. ಅದು ದಂಡ ಅಲ್ಲ. 'ಈ ಕಾರು ಓಡಿಸಿದ್ದು ಇಂಥವರು, ಇವರ ಮನೆ ಬೆಂಗಳೂರಿನಲ್ಲಿ ಇಂಥ ಕಡೆ' ಎಂದು ಪೊಲೀಸರಿಗೆ ತಿಳಿಸಿದ್ದಕ್ಕೆ ಕಂಪನಿಯ ಶುಲ್ಕ. ದಂಡ ಆಮೇಲೆ ಬಂತು, ಅಂಚೆಯಲ್ಲಿ.

ಪ್ಲಾನ್ ನಮ್ಮ ಭಾವನದು. ಮ್ಯೂನಿಕ್‌ನಲ್ಲಿ ಇಳಿದು ಕಾರು ಹಿಡಿಯೋದು. ಆಸ್ಟ್ರಿಯಾದ ಇನ್ಸ್‌ಬ್ರುಕ್, ಇಟಲಿಯ ವೆರೋನಾ, ಫ್ಲಾರೆನ್ಸ್, ಕೊಮೊ, ಸ್ವಿಟ್ಜರ್‌ಲ್ಯಾಂಡ್‌ನ ಲುಸರ್ನ್, ಮತ್ತೆ ಮ್ಯೂನಿಕ್. ದಾರಿಯಲ್ಲಿ ಲಿಕ್ಟೆನ್‌ಸ್ಟೈನ್ ಸಿಗುತ್ತದೆ, ಅಲ್ಲೊಂದು ಫೋಟೋ ತೆಗೆದುಕೊಂಡರೆ ಐದನೇ ದೇಶ ಆಯಿತು. ಒಟ್ಟು ಸುಮಾರು 1,600 ಕಿಲೋಮೀಟರ್. 'ದಿನಕ್ಕೆ ಹುಬ್ಬಳ್ಳಿಗೆ ಹೋದಷ್ಟೂ ಆಗಲ್ಲ ಬಿಡಿ' ಎಂದರು ಭಾವ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹುಬ್ಬಳ್ಳಿ ದಾರಿಯಲ್ಲಿ ರಸ್ತೆ ನಿಯಮ ನಾಲ್ಕು ಸಲ ಬದಲಾಗುವುದಿಲ್ಲ, ಬೋರ್ಡುಗಳನ್ನು ಓದಲು ನಿಘಂಟು ಬೇಕಾಗುವುದಿಲ್ಲ.

ವೀಸಾ ತೊಂದರೆ ಆಗಲಿಲ್ಲ. ಹೆಚ್ಚು ರಾತ್ರಿ ಇಟಲಿಯಲ್ಲಿ ಇರುತ್ತಿದ್ದರಿಂದ ಇಟಲಿಗೆ ಅರ್ಜಿ ಹಾಕಿದೆವು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಆರ್‌ಟಿಓದಲ್ಲಿ 1,000 ರೂಪಾಯಿ ಕಟ್ಟಿ ಮಾಡಿಸಿಕೊಂಡಿದ್ದೆ. ಒಂದು ವರ್ಷ ನಡೆಯುತ್ತದೆ. ಅದರ ಜೊತೆ ನಮ್ಮ ಮೂಲ ಡಿಎಲ್ ಕೂಡ ಇರಲೇಬೇಕು, ಮರೆತು ಮನೆಯಲ್ಲಿ ಬಿಟ್ಟು ಹೋಗಬೇಡಿ.

ಮೊದಲ ಪೆಟ್ಟು ಬಿದ್ದದ್ದು ಕಾರಿನ ಕೌಂಟರಿನಲ್ಲೇ. ಬುಕಿಂಗ್ ನನ್ನ ಹೆಸರಿನಲ್ಲಿ, ಕಾರ್ಡ್ ಭಾವನದು. ಆಗುವುದಿಲ್ಲ ಎಂದರು. ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕಂತೆ. ನನ್ನ ಕಾರ್ಡ್ ಕೊಟ್ಟೆ, ಅದರ ಲಿಮಿಟ್‌ನಲ್ಲಿ ಅರ್ಧದಷ್ಟು ಡೆಪಾಸಿಟ್ ಅಂತ ಹಿಡಿದಿಟ್ಟರು. ಅಗ್ಗದ ವೆಬ್‌ಸೈಟ್‌ನಲ್ಲಿ ಮೊದಲೇ ಕೊಂಡಿದ್ದ ವಿಮೆ ಆ ಕೌಂಟರಿನಲ್ಲಿ ನಡೆಯಲಿಲ್ಲ. ಏನಾದರೂ ಆದರೆ ಮೊದಲು ನೀವು ಕಟ್ಟಿ, ಆಮೇಲೆ ಆ ವೆಬ್‌ಸೈಟ್‌ನವರ ಹತ್ತಿರ ವಸೂಲು ಮಾಡಿಕೊಳ್ಳಿ, ಅಷ್ಟೇ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದ ಮೇಲೆ ಹಿಂದೆ ಮಕ್ಕಳು ಅಳುತ್ತಿದ್ದರೆ ಯಾರು ತಾನೇ ವಾದ ಮಾಡುತ್ತಾರೆ? ಅವರ ವಿಮೆಯನ್ನೂ ತೆಗೆದುಕೊಂಡೆವು.

ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಬೇಕು. ಅಂದರೆ ಇಷ್ಟು ದಿನಕ್ಕೆ ಇಷ್ಟು ಅಂತ ಮೊದಲೇ ಕಟ್ಟುವ ರಸ್ತೆ ತೆರಿಗೆ. ಜರ್ಮನಿಯಲ್ಲಿ ಪಡೆದ ಕಾರಿಗೆ ಅದು ಸಾಮಾನ್ಯವಾಗಿ ಇರುವುದಿಲ್ಲ. ಇದು ಗೊತ್ತಿದ್ದರಿಂದ ಹತ್ತು ದಿನದ್ದನ್ನು ಕೊಂಡೆ. ಕೊಂಡೆ ಎಂಬ ಧೈರ್ಯದಲ್ಲಿ ಇನ್ಸ್‌ಬ್ರುಕ್ ದಾಟಿದರೆ ಬ್ರೆನರ್ ದಾರಿಯಲ್ಲಿ ಟೋಲ್ ಗೇಟ್! ಆ ರಸ್ತೆಗೆ ಬೇರೆಯೇ ಟೋಲ್, ವಿನ್ಯೆಟ್ ಅದಕ್ಕೆ ಲೆಕ್ಕವಿಲ್ಲ. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಒಂದು ವಾರದ್ದು ಎಂಬುದೇ ಇಲ್ಲ. ಒಂದು ದಿನ ಓಡಿಸಿದರೂ ಇಡೀ ವರ್ಷದ್ದೇ ಕೊಳ್ಳಬೇಕು, 40 ಫ್ರಾಂಕ್. ಈಗ ಎರಡೂ ದೇಶದಲ್ಲಿ ಆನ್‌ಲೈನ್‌ನಲ್ಲಿ, ಕಾರಿನ ನಂಬರಿಗೆ ಸಿಗುತ್ತವೆ. ಸರ್ಕಾರಿ ವೆಬ್‌ಸೈಟ್‌ನಂತೆ ಕಾಣುವ ದಲ್ಲಾಳಿ ವೆಬ್‌ಸೈಟ್‌ಗಳೂ ಇವೆ, ಸುಮ್ನೆ ಜಾಸ್ತಿ ಕಿತ್ತುಕೊಳ್ಳುತ್ತವೆ.

ಇಟಲಿಯಲ್ಲಿ ಹೆದ್ದಾರಿಗೆ ಹತ್ತುವಾಗ ಚೀಟಿ ತೆಗೆದುಕೊಂಡು, ಇಳಿಯುವಾಗ ಹಣ ಕೊಡಬೇಕು. ವೆರೋನಾದಲ್ಲಿ ಇಳಿಯುವಾಗ ಹಳದಿ ಬಣ್ಣದ ಟೆಲಿಪಾಸ್ ಲೇನಿಗೆ ನುಗ್ಗಿಬಿಟ್ಟೆ. ಅದು ನಮ್ಮ ಫಾಸ್ಟ್ಯಾಗ್ ಥರ, ಟ್ಯಾಗ್ ಇದ್ದವರಿಗೆ ಮಾತ್ರ. ಗೇಟು ಏಳಲಿಲ್ಲ. ಹಿಂದೆ ಲಾರಿಯವನ ಹಾರ್ನ್. ಬಟನ್ ಒತ್ತಿದೆ, ಯಾರೋ ಇಟಾಲಿಯನ್‌ನಲ್ಲಿ ಏನೋ ಹೇಳಿದರು, ಒಂದು ರಸೀದಿ ಹೊರಗೆ ಬಂತು, ಗೇಟು ತೆರೆಯಿತು. ಉದಾರಿಗಳು, ಬಿಟ್ಟರು ಅಂದುಕೊಂಡೆ. ಆ ರಸೀದಿಯಲ್ಲಿ ಇದ್ದದ್ದು ಹದಿನೈದು ದಿನದೊಳಗೆ ಟೋಲ್ ಕಟ್ಟಿ ಎಂದು. ನಾನು ಅದನ್ನು ಬಾಗಿಲ ಪಕ್ಕದ ಜೇಬಿನಲ್ಲಿ ಚಾಕೊಲೇಟ್ ಕಾಗದದ ಜೊತೆ ತುರುಕಿಟ್ಟೆ. ಅದು ಕಾರಿನ ಜೊತೆಯೇ ಮ್ಯೂನಿಕ್‌ಗೆ ವಾಪಸ್ ಹೋಯಿತು.

ಇನ್ನು ಫ್ಲಾರೆನ್ಸ್. ನಮ್ಮ ಬಾಡಿಗೆ ಫ್ಲ್ಯಾಟ್ ಹಳೇ ಪೇಟೆಯ ಒಳಗಿತ್ತು. ಮನೆಯವರು ಬಾಗಿಲ ಕೋಡ್ ಕಳಿಸಿದ್ದರು, ಕಾರಿನ ಬಗ್ಗೆ ಚಕಾರ ಎತ್ತಿರಲಿಲ್ಲ. ನಾವೂ ಕೇಳಿರಲಿಲ್ಲ. ಸಂಜೆ ಆರು ಗಂಟೆ, ಓಣಿಗಳು, ಕಲ್ಲು ಹಾಸಿದ ರಸ್ತೆ, ಎಲ್ಲೆಲ್ಲೂ ನಡೆದಾಡುವ ಜನ. ಮ್ಯಾಪ್ ಮಾತ್ರ 'ನೇರ ಹೋಗಿ' ಎನ್ನುತ್ತಿತ್ತು. ಒಂದು ಓಣಿಯ ಬಾಯಲ್ಲಿ ಬೋರ್ಡ್ ಕಂಡಿತು. ಬಿಳಿ ವೃತ್ತ, ಸುತ್ತ ಕೆಂಪು ಪಟ್ಟಿ, ಒಳಗೆ ಏನೂ ಇಲ್ಲ. ಪಕ್ಕದ ಲೈಟ್ ಫಲಕದಲ್ಲಿ 'ಜೆಡ್‌ಟಿಎಲ್ ಅತ್ತಿವಾ' ಅಂತ.

'ಭಾವ, ಅದೇನು ಬರೆದಿದೆ ನೋಡಿ' ಎಂದೆ.

'ಆಕ್ಟಿವ್ ಅಂತಿದೆ. ಅಂದ್ರೆ ಓಪನ್ ಇದೆ, ಹೋಗಿ ಹೋಗಿ.'

ಅರ್ಥ ಪೂರ್ತಿ ಉಲ್ಟಾ. ಜೆಡ್‌ಟಿಎಲ್ ಎಂದರೆ ಪರವಾನಗಿ ಇದ್ದ ವಾಹನಗಳಿಗೆ ಮಾತ್ರ ಪ್ರವೇಶ ಇರುವ ಪ್ರದೇಶ. ಇಟಲಿಯ ಹಳೇ ಊರುಗಳ ಮಧ್ಯಭಾಗದಲ್ಲಿ ಹೆಚ್ಚಾಗಿ ಇಂಥದ್ದೊಂದು ಇರುತ್ತದೆ. 'ಅತ್ತಿವಾ' ಎಂದರೆ ನಿರ್ಬಂಧ ಈಗ ಜಾರಿಯಲ್ಲಿದೆ, ಕ್ಯಾಮೆರಾ ನೋಡುತ್ತಿದೆ ಅಂತ. ಆ ಪದಕ್ಕೆ ಮೊದಲು 'ನಾನ್' (ಅಲ್ಲ) ಎಂದಿದ್ದರೆ ಮಾತ್ರ ಹೋಗಬಹುದು. ಕೆಲವು ಊರಲ್ಲಿ 'ವಾರ್ಕೊ ಅತ್ತಿವೊ' ಎಂದು ಹಾಕುತ್ತಾರೆ, ಅದೂ ಇದೇ. ಪೊಲೀಸರಿಲ್ಲ, ಗೇಟಿಲ್ಲ, ಸೀಟಿಯಿಲ್ಲ. ತಪ್ಪು ಮಾಡಿದ್ದು ಗೊತ್ತೇ ಆಗುವುದಿಲ್ಲ.

ಪಾರ್ಕಿಂಗ್ ಸಿಗದೆ ಸುತ್ತು ಹಾಕಿದೆವು. ಹೊರಗೆ ಬಂದು, ಮತ್ತೆ ಒಳಗೆ. ಲಗೇಜ್ ಇಳಿಸಿ, ಇನ್ನೊಂದು ಕಡೆಯಿಂದ ಮತ್ತೊಮ್ಮೆ ಒಳಗೆ. ಪ್ರತಿ ಸಲ ಕ್ಯಾಮೆರಾ ದಾಟಿದ್ದಕ್ಕೂ ಬೇರೆ ಬೇರೆ ದಂಡ. ಮೂರು ಸಲ, ಒಂದೊಂದಕ್ಕೆ 83 ಯೂರೋ, ಅದರ ಮೇಲೆ ಅಂಚೆ ಮತ್ತು ಕಾಗದದ ಖರ್ಚು. ಬೆಳಿಗ್ಗೆ ಕಾಫಿ ಅಂಗಡಿಯವರು ನಕ್ಕು ಹೇಳಿದರು, ಹೆದ್ದಾರಿಯ ಪಕ್ಕದಲ್ಲೇ ವಿಲ್ಲಾ ಕೊಸ್ತಾಂಜಾ ಎಂಬ ಪಾರ್ಕಿಂಗ್ ಇದೆ, ಕಾರು ಅಲ್ಲಿ ಬಿಟ್ಟು ಟ್ರಾಮ್ ಹತ್ತಿ ಬರಬೇಕಿತ್ತು ಎಂದು. ದಯವಿಟ್ಟು ಹಾಗೆ ಮಾಡಿ. ಉಳಿಯುವ ಜಾಗ ಜೆಡ್‌ಟಿಎಲ್ ಒಳಗಿದ್ದರೆ ಬುಕ್ ಮಾಡುವ ಮೊದಲೇ ಕೇಳಿ. ಕೆಲವು ಹೋಟೆಲಿನವರು ನಮ್ಮ ಕಾರಿನ ನಂಬರನ್ನು ನಗರಾಡಳಿತಕ್ಕೆ ಕೊಡುತ್ತಾರೆ.

ಸ್ವಿಟ್ಜರ್‌ಲ್ಯಾಂಡ್‌ನ ಗೊತ್ತಾರ್ಡ್ ಸುರಂಗದ ಬಗ್ಗೆ ಒಂದೇ ಮಾತು: 17 ಕಿಲೋಮೀಟರ್ ಸುರಂಗ ದಾಟುವುದಕ್ಕಿಂತ ಅದರ ಬಾಯಿಗೆ ತಲುಪಲು ಜಾಸ್ತಿ ಹೊತ್ತು ಬೇಕಾಯಿತು. ಶನಿವಾರ ಆ ಕಡೆ ಹೋಗಬೇಡಿ. ಆ ಎರಡು ಗಂಟೆ ತುಂಬಿಕೊಳ್ಳುವ ಅವಸರದಲ್ಲಿ, ಲುಸರ್ನ್ ಹತ್ತಿರದ ಒಂದು ಹಳ್ಳಿಯಲ್ಲಿ 50ರ ಮಿತಿಯಲ್ಲಿ 58ಕ್ಕೆ ಹೋದೆ. ನಮ್ಮಲ್ಲಿ ಅದನ್ನು ಸ್ಪೀಡ್ ಎನ್ನುವುದೇ ಇಲ್ಲ, ಅಲ್ವಾ? ರಡಾರ್ ಅಳತೆಯಲ್ಲಿ 5 ಕಿಲೋಮೀಟರ್ ಬಿಟ್ಟುಕೊಟ್ಟು, ಉಳಿದ ಮೂರಕ್ಕೆ 40 ಫ್ರಾಂಕ್ ಹಾಕಿದರು. ಅಂದಹಾಗೆ, ರಡಾರ್ ಎಲ್ಲಿದೆ ಎಂದು ಹೇಳುವ ಆಪ್ ಬಳಸುವುದೇ ಅಲ್ಲಿ ಅಪರಾಧ.

ಈಗ ಕಂಪನಿಯ ಶುಲ್ಕ ಸೇರಿಸಿ ನೋಡಿ. ಆಗಸ್ಟ್‌ನಲ್ಲಿ ಇನ್ನೆರಡು ಬಿಲ್ ಬಂದವು. ಸ್ವಿಸ್ ದಂಡದಷ್ಟೇ ಆ ವಿಳಾಸ ಕೊಟ್ಟ ಶುಲ್ಕವೂ ಇತ್ತು. ಟೋಲಿನದಕ್ಕಂತೂ ಟೋಲಿಗಿಂತ ಹಲವು ಪಟ್ಟು. ಕಂಪನಿಗೆ ಮೇಲ್ ಬರೆದೆ. ಒಪ್ಪಂದದ ಇಂಥ ಪುಟ ಓದಿ ಎಂದು ಉತ್ತರ ಬಂತು. ಓದಿದೆ. ಇತ್ತು.

ಇಟಲಿಯ ದಂಡಕ್ಕೆ ಒಂದು ರಿಯಾಯಿತಿ ಇದೆ. ಪತ್ರ ಕೈಗೆ ಬಂದ ಐದು ದಿನದೊಳಗೆ ಕಟ್ಟಿದರೆ ಶೇ. 30 ಕಡಿಮೆ, 83ರ ಬದಲು 58 ಯೂರೋ ಚಿಲ್ಲರೆ. ನಮಗೆ ಅದೂ ತಪ್ಪಿತು. ರಿಜಿಸ್ಟರ್ಡ್ ಲಕೋಟೆಗಳನ್ನು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಸಹಿ ಮಾಡಿ ತೆಗೆದುಕೊಂಡು, ಗ್ಯಾಸ್ ಬಿಲ್‌ಗಳ ಕೆಳಗೆ ಜೋಪಾನವಾಗಿ ಇಟ್ಟಿದ್ದರು. ಎಂಟು ದಿನ. 'ಸಾರ್, ಫಾರಿನ್‌ದು, ಮದುವೆ ಕಾಗದ ಇರ್ಬೇಕು ಅಂದ್ಕೊಂಡೆ' ಎಂದರು. ಅವರನ್ನು ಏನಂತ ಬೈಯಲಿ? ಮೂರನ್ನೂ ಪೂರ್ತಿ ಕಟ್ಟಿದೆ.

ಸುಮ್ಮನಿದ್ದುಬಿಡಿ, ಅಲ್ಲಿಂದ ಇಲ್ಲಿಗೆ ಯಾರು ಬರುತ್ತಾರೆ ಎಂದವರೂ ಇದ್ದಾರೆ. ಮುಂದೆ ಮತ್ತೆ ಆ ಕಡೆ ಹೋಗುವ ಆಸೆ ನನಗಿದೆ, ಬಾಕಿ ಉಳಿಸಿಕೊಂಡು ಹೋಗಲು ಮನಸ್ಸು ಬರಲಿಲ್ಲ.

ಭಾವ ಅರ್ಧ ದುಡ್ಡು ಕೊಟ್ಟರು, ಅದು ಅವರ ದೊಡ್ಡತನ. ನಮ್ಮ ವಿಳಾಸ ಸಿಕ್ಕ ಮೇಲೆ ಪತ್ರ ಕಳಿಸಲು ಇಟಲಿಯವರಿಗೆ 360 ದಿನ ಸಮಯ ಇದೆಯಂತೆ. ಕೊಮೊದಲ್ಲಿ ರಾತ್ರಿ ಪಿಜ್ಜಾ ತರಲು ಹೋದಾಗಲೂ ಅಂಥದ್ದೇ ಬಿಳಿ ಬೋರ್ಡ್ ದಾಟಿದೆವು ಎಂದು ಮಗಳು ಮೊನ್ನೆ ನೆನಪು ಮಾಡಿದಳು. ಅದರ ಪತ್ರ ಇನ್ನೂ ಬಂದಿಲ್ಲ.