ಝೂಮ್ ಎಫ್3: ಎರಡನೇ ಸಲ ಹೇಳಿಸಬಾರದ ಮಾತಿಗೊಂದು ರೆಕಾರ್ಡರ್

ದೌರ್ಜನ್ಯಕ್ಕೆ ಒಳಗಾದವರು, ನೆಲೆ ತಪ್ಪಿದವರು, ಮಕ್ಕಳನ್ನು ಕಳೆದುಕೊಂಡವರು ಕ್ಯಾಮೆರಾ ಮುಂದೆ ಮನಸ್ಸು ಬಿಚ್ಚಿದ ಮೇಲೆ ‘ಸೌಂಡ್ ಸರಿ ಬಂದಿಲ್ಲ, ಇನ್ನೊಂದು ಸಲ ಹೇಳಿ’ ಎನ್ನುವುದು ಕ್ರೌರ್ಯ. ಇಂಥವರ ಕಥೆಗಳನ್ನೇ ವರ್ಷಗಟ್ಟಲೆ ಹೇಳುತ್ತ ಬಂದ ಸ್ವತಂತ್ರ ನಿರ್ದೇಶಕರ ಜತೆ ಸೌಂಡಿಗೆಂದೇ ಒಬ್ಬರು ಇರುವುದು ಅಪರೂಪ. ಕ್ಯಾಮೆರಾ, ಪ್ರಶ್ನೆ, ಮೈಕು ಎಲ್ಲವೂ ಒಂದೇ ತಲೆಯ ಮೇಲೆ. ಅಂಥ ಕೆಲಸಕ್ಕೆ ಝೂಮ್ ಕಂಪನಿಯ ದನಿ ರೆಕಾರ್ಡರ್ ಎಫ್3 ನಿಜಕ್ಕೂ ಒಪ್ಪುತ್ತದೆ.

ಅಂಗೈಯಲ್ಲಿ ಕೂರುವಷ್ಟು ಪುಟ್ಟ ಪೆಟ್ಟಿಗೆ. ಮೈಕಿನ ತಂತಿ ಸಿಕ್ಕಿಸಲು ಲಾಕ್ ಆಗುವ 2 ಎಕ್ಸ್‌ಎಲ್‌ಆರ್ ಇನ್‌ಪುಟ್, ಆ ತಂತಿಯಲ್ಲೇ ಮೈಕಿಗೆ ವಿದ್ಯುತ್ ಕೊಡುವ 24 ಅಥವಾ 48 ವೋಲ್ಟ್ ಫ್ಯಾಂಟಮ್ ಪವರ್, 2 ಎಎ ಸೆಲ್, ಒಂದು ಮೈಕ್ರೋ ಎಸ್‌ಡಿ ಕಾರ್ಡ್. ಗೇನ್ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ತಿರುಗಿಸುವ ನಾಬ್ ಇಲ್ಲವೇ ಇಲ್ಲ. ಪ್ರತಿ ಇನ್‌ಪುಟ್ಟಿನ ಹಿಂದೆ ದನಿಯನ್ನು ಅಂಕಿಗಳಾಗಿ ಬದಲಿಸುವ ಎರಡು ಎಡಿ ಕನ್ವರ್ಟರ್‌ಗಳಿವೆ. ಸಣ್ಣ ದನಿಗೊಂದು, ದೊಡ್ಡ ದನಿಗೊಂದು. ಎರಡನ್ನೂ ಸೇರಿಸಿ, ಪಿಸುಮಾತಿನಿಂದ ಕಿರುಚಿನವರೆಗೆ ಎಲ್ಲವೂ ಹಿಡಿಸುವ 32-ಬಿಟ್ ಫ್ಲೋಟ್ ಫೈಲ್ ಬರೆಯುತ್ತದೆ. ಪಿಸುದನಿಯಲ್ಲಿದ್ದವರು ತಟ್ಟನೆ ಬಿಕ್ಕಿ ಅತ್ತರು ಎನ್ನಿ: ಪಿಸುಮಾತಿಗೆಂದು ಗೇನ್ ಏರಿಸಿಟ್ಟ ಸಾಮಾನ್ಯ 24-ಬಿಟ್ ರೆಕಾರ್ಡರಿನಲ್ಲಿ ಅಳುವಿನ ತುದಿಗಳು ಕತ್ತರಿಸಿಹೋಗುತ್ತವೆ, ಅದನ್ನು ಆಮೇಲೆ ಯಾರೂ ಸರಿಮಾಡಲಾರರು. ಇಲ್ಲಿ ಎಡಿಟಿಂಗ್‌ನಲ್ಲಿ ದನಿ ಇಳಿಸಿದರೆ ಸಾಕು, ಅಲೆಯ ಆಕಾರ ಇಡಿಯಾಗಿ ಸಿಗುತ್ತದೆ. ನಿರ್ದೇಶಕರ ಕಣ್ಣು ದನಿಯ ಮಟ್ಟ ತೋರುವ ಮೀಟರನ್ನು ಬಿಟ್ಟು ಎದುರಿಗಿರುವವರ ಮುಖದ ಮೇಲೇ ನಿಲ್ಲುವುದು ಇನ್ನೂ ದೊಡ್ಡ ಲಾಭ. ಮಾತಿನ ನಡುವೆ ಕಣ್ಣು ತಪ್ಪಿಸಿದರೆ ಅವರಿಗೆ ಗೊತ್ತಾಗುತ್ತದೆ, ಮಾತು ಅಲ್ಲೇ ಮುದುಡುತ್ತದೆ.

ಹಾಗೆಂದು ಫ್ಲೋಟ್ ಎಲ್ಲವನ್ನೂ ಕಾಯುವುದಿಲ್ಲ. ಮೈಕಿನಲ್ಲೇ ದನಿ ಒಡೆದರೆ, ವೈರ್‌ಲೆಸ್ ಟ್ರಾನ್ಸ್‌ಮಿಟರಿನೊಳಗೇ ದನಿ ಕ್ಲಿಪ್ ಆದರೆ (ತುದಿ ಕತ್ತರಿಸಿಹೋದರೆ), ಎಫ್3 ಆ ಒಡಕನ್ನೇ ನಿಷ್ಠೆಯಿಂದ ದಾಖಲಿಸುತ್ತದೆ. ರಿಸೀವರಿನಿಂದ ಲೈನ್ ಮಟ್ಟದ, ಅಂದರೆ ಮೈಕಿನದಕ್ಕಿಂತ ಬಲವಾದ, ದನಿ ಬರುತ್ತಿದ್ದರೆ ಇನ್‌ಪುಟ್ಟನ್ನು ಮೈಕ್‌ನಿಂದ ಲೈನ್‌ಗೆ ಬದಲಿಸಲೇಬೇಕು. ಇದನ್ನು ಮರೆತು ಕೆಡುವ ಟೇಕ್‌ಗಳು ಬಹಳ. ಬಟ್ಟೆ ಉಜ್ಜುವ ಸದ್ದು, ಬೋಳು ಗೋಡೆಯ ಪ್ರತಿಧ್ವನಿ ಕೂಡ ಹಾಗೇ ಉಳಿಯುತ್ತವೆ. ಒಂದನೇ ಟ್ರ್ಯಾಕಿಗೆ ಗದ್ದದಿಂದ ಒಂದು ಗೇಣು ಕೆಳಗೆ ಬಟ್ಟೆಗೆ ಸಿಕ್ಕಿಸುವ ಲೇಪಲ್ ಮೈಕು, ಎರಡನೆಯದಕ್ಕೆ ಫ್ರೇಮಿನ ಹೊರಗಿಂದ ಕೋಲಿನ ತುದಿಯ ಬೂಮ್ ಮೈಕು. ಎದೆಗೆ ಕೈ ಒತ್ತಿ ಅಳುವವರು ಲೇಪಲ್ ಮೈಕನ್ನು ಮುಚ್ಚಿಬಿಟ್ಟಾಗ ಉಳಿಸುವುದು ಬೂಮೇ. ಲೇಪಲ್ ಸಿಕ್ಕಿಸುವಾಗ ಅನುಮತಿ ಕೇಳಿ, ಆದಷ್ಟು ಅವರ ಕೈಯಿಂದಲೇ ಹಾಕಿಸಿ. ಮೈ ಮುಟ್ಟಿಸಿಕೊಳ್ಳಲು ಹೆದರುವವರಿಗೆ ಬೂಮ್ ಒಂದೇ ಸಾಕು.

48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸಲ ದನಿ ಅಳೆದು) ದಾಖಲಿಸಿದರೆ ಎರಡೂ ಟ್ರ್ಯಾಕ್ ಸೇರಿ ಕಾರ್ಡಿನಲ್ಲಿ ಗಂಟೆಗೆ ಸುಮಾರು 1.4 ಜಿಬಿ ಹಿಡಿಯುತ್ತದೆ. ಫ್ಯಾಂಟಮ್ ಹಾಕಿದರೆ ಸೆಲ್ ಬೇಗ ಬರಿದಾಗುತ್ತದೆ. ಉದ್ದದ ಮಾತುಕತೆಗೆ ಯುಎಸ್‌ಬಿ-ಸಿ ಪವರ್ ಬ್ಯಾಂಕ್ ಕಟ್ಟಿಕೊಳ್ಳಿ. ಮೆನುವಿನಲ್ಲಿ ಸೆಲ್ ಯಾವ ಬಗೆಯದೆಂದು ತಿಳಿಸದಿದ್ದರೆ ಉಳಿದ ಚಾರ್ಜಿನ ಲೆಕ್ಕ ತಪ್ಪುತ್ತದೆ. ಟೈಮ್‌ಕೋಡ್ (ಕ್ಯಾಮೆರಾ, ರೆಕಾರ್ಡರ್ ಎರಡಕ್ಕೂ ಒಂದೇ ಗಡಿಯಾರದ ಗುರುತು) ಬೇಕಿದ್ದರೆ ಬ್ಲೂಟೂತ್ ಅಡಾಪ್ಟರನ್ನೂ ಟೈಮ್‌ಕೋಡ್ ಕಳಿಸುವ ಸಾಧನವನ್ನೂ ಬೇರೆಯಾಗಿ ಕೊಳ್ಳಬೇಕು. ಅದಿಲ್ಲದೆ ಗಂಟೆಗಟ್ಟಲೆ ಓಡಿಸಿದ ಟೇಕಿನಲ್ಲಿ ತುಟಿಗೂ ಮಾತಿಗೂ ಕೆಲವು ಫ್ರೇಮ್ ಅಂತರ ಬರಬಹುದು. ದನಿ ಹೊರಗೆ ಕೊಡುವ ಲೈನ್ ಔಟ್‌ನಿಂದ ಕ್ಯಾಮೆರಾಕ್ಕೂ ಒಂದು ದನಿ ಕಳಿಸಿದರೆ ಚಿತ್ರಕ್ಕೆ ಮಾತು ಜೋಡಿಸುವುದು ಸುಲಭ, ಕಷ್ಟಕಾಲಕ್ಕೊಂದು ನಕಲೂ ಇರುತ್ತದೆ. ಆದರೆ ಆ ಲೈನ್ ಔಟ್ ಕ್ಲಿಪ್ ಆಗಬಲ್ಲದು, ಅದರ ಮಟ್ಟ ಇಳಿಸಿಡಿ.

ಇದರ ನಿಜವಾದ ಕೊರತೆ ಕಾರ್ಡಿನ ವಿಷಯದಲ್ಲಿದೆ. ಸ್ಲಾಟ್ ಒಂದೇ, ಗೂಢಲಿಪೀಕರಣ (ಪಾಸ್‌ವರ್ಡ್ ಇಲ್ಲದೆ ಫೈಲ್ ತೆರೆಯದಂತೆ ಮಾಡುವುದು) ಇಲ್ಲ. ಕಾರ್ಡ್ ಯಾರ ಕೈಗೆ ಸಿಕ್ಕರೂ ದನಿ ಕೇಳಿಸುತ್ತದೆ, ತಲೆಮರೆಸಿಕೊಂಡಿರುವವರ ಪಾಲಿಗೆ ಇದು ಪ್ರಾಣದ ಪ್ರಶ್ನೆ. ಫೈಲಿನ ಹೆಸರಿನಲ್ಲಿ ವ್ಯಕ್ತಿಯ ಹೆಸರು, ಊರು ಬೇಡ, ಸಂಕೇತ ಸಂಖ್ಯೆ ಸಾಕು. ಸಂಖ್ಯೆ ಯಾರದೆಂಬ ಪಟ್ಟಿ ಬೇರೆ ಕಡೆ ಇರಲಿ. ಒಪ್ಪಿಗೆಯ ಮಾತನ್ನು ಪ್ರತ್ಯೇಕ ಫೈಲಾಗಿ ದಾಖಲಿಸಿ. ಶೂಟಿಂಗ್ ಮುಗಿದ ಜಾಗದಲ್ಲೇ ಗೂಢಲಿಪೀಕರಿಸಿದ ಎರಡು ಡಿಸ್ಕುಗಳಿಗೆ ನಕಲು ಮಾಡಿ, ತೆರೆದು ಕೇಳಿ, ಆಮೇಲೆ ಕಾರ್ಡ್ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಆದ ಕಾರ್ಡಿನಿಂದಲೂ ಫೈಲ್ ಮರಳಿ ತೆಗೆಯಬಹುದಾದ್ದರಿಂದ ಅದನ್ನು ಬೇರೆಯವರಿಗೆ ಕೊಡಬೇಡಿ. ಗುರುತು ಮರೆಸಲು ದನಿಯ ಪಿಚ್ ಬದಲಿಸಿದರೆ ಸಾಲದು, ಅದನ್ನು ಹಿಂದಕ್ಕೆ ತಿರುಗಿಸಬಹುದು. ಬೇರೊಬ್ಬರಿಂದ ಓದಿಸಿ ಡಬ್ ಮಾಡುವುದೇ ಕ್ಷೇಮ.

ಕೂತು ಮಾತಾಡುವ ಒಬ್ಬರು ಅಥವಾ ಇಬ್ಬರ ಸಂದರ್ಶನಕ್ಕೆ ಧೈರ್ಯವಾಗಿ ಕೊಳ್ಳಬಹುದು. ಇಡೀ ಕುಟುಂಬವನ್ನು ಒಟ್ಟಿಗೆ ಕೂರಿಸುವ ಯೋಜನೆಯಿದ್ದರೆ 2 ಇನ್‌ಪುಟ್ ಸಾಲದು, ಹೆಚ್ಚು ಟ್ರ್ಯಾಕಿನ ರೆಕಾರ್ಡರನ್ನೇ ಹುಡುಕಿ.